ದಾರಿಯ ಕಥನ, ಊರಿನ ಕಥನ: ಮೋಟಾರು ಸೈಕಲ್ ಪ್ರವಾಸ ಸರಣಿಯ ಒಂದು ಓದು

1

ಕನ್ನಡದ ಪ್ರವಾಸ ಸಾಹಿತ್ಯವನ್ನು ಕುರಿತ ವಿಮರ್ಶೆಯು ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಬೂವಿನಿಂದ ಬರಾಮಕ್ಕೆ’, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಅಮೆರಿಕದಲ್ಲಿ ಗೊರೂರು’ ಮೊದಲಾದ ಕೃತಿಗಳನ್ನು ಮುಂದಿಟ್ಟುಕೊಂಡು ಬೆಳೆದುಬಂದಿದೆ. ಬರಹ ರೂಪದ ಕಥನಗಳಿಗೆ ದೊರೆತ ಈ ಗಮನವು ದೃಶ್ಯ ರೂಪದ ಪ್ರವಾಸ ಕಥನಗಳಿಗೆ ದೊರೆತಿಲ್ಲ. ಆದರೆ ಇಂದಿನ ವಿದ್ಯಾರ್ಥಿಗೆ ಪ್ರವಾಸ ಕಥನವು ಮೊದಲು ಎದುರಾಗುವುದು ಪರದೆಯ ಮೇಲೆ. ಅದರಲ್ಲಿಯೂ ಗೆಳೆಯರು ಕೂಡಿ ಮೋಟಾರು ಸೈಕಲ್ಲಿನಲ್ಲಿ ದೂರದ ದಾರಿ ಸವೆಸುವ ಸರಣಿಯು ಒಂದು ಪ್ರತ್ಯೇಕ ಪ್ರಕಾರವಾಗಿಯೇ ರೂಪುಗೊಂಡಿದೆ. ಈ ಪ್ರಕಾರದ ರಚನೆಯನ್ನು ವಿವರಿಸಿ, ಅದರಲ್ಲಿ ಊರು ಮತ್ತು ಊರಿನವರು ಪಡೆಯುವ ಸ್ಥಾನವೇನು ಎಂಬುದನ್ನು ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೆಲೆಯಲ್ಲಿ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಪ್ರಚಾರ ತಂದುಕೊಟ್ಟದ್ದು 2004ರ ‘ಲಾಂಗ್ ವೇ ರೌಂಡ್’ ಎಂಬ ಬ್ರಿಟಿಷ್ ದೂರದರ್ಶನ ಸರಣಿ. ನಟರೂ ಸ್ನೇಹಿತರೂ ಆದ ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಆ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಪೂರ್ವಾಭಿಮುಖವಾಗಿ ಹೊರಟು, ಯುರೋಪು, ಕಜಕಸ್ತಾನ, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕ, ಕೆನಡಾಗಳನ್ನು ಹಾದು ಜುಲೈ ಕೊನೆಗೆ ನ್ಯೂಯಾರ್ಕ್ ತಲುಪಿದರು. ಕ್ರಮಿಸಿದ ದೂರ ಸುಮಾರು 30,000 ಕಿಲೋಮೀಟರ್. ಸ್ಕಾಟ್ಲೆಂಡಿನಿಂದ ದಕ್ಷಿಣ ಆಫ್ರಿಕದವರೆಗಿನ ‘ಲಾಂಗ್ ವೇ ಡೌನ್’ (2007), ದಕ್ಷಿಣ ಅಮೆರಿಕದ ತುದಿಯಿಂದ ಲಾಸ್ ಏಂಜಲಿಸ್‌ವರೆಗೆ ವಿದ್ಯುತ್ ಚಾಲಿತ ಬೈಕುಗಳಲ್ಲಿ ನಡೆದ ‘ಲಾಂಗ್ ವೇ ಅಪ್’ (2020), ಯುರೋಪಿನ ಸುತ್ತಾಟವನ್ನು ಕುರಿತ ‘ಲಾಂಗ್ ವೇ ಹೋಮ್’ (2025) ಇದರ ಮುಂದುವರಿಕೆಗಳು. ಭಾರತದಲ್ಲಿ ಗೌರವ್ ಜಾನಿಯವರ ‘ಒನ್ ಕ್ರೇಜಿ ರೈಡ್’ ಎಂಬ ಸಾಕ್ಷ್ಯಚಿತ್ರವು ಅರುಣಾಚಲ ಪ್ರದೇಶದಲ್ಲಿ ಗೆಳೆಯರ ತಂಡವೊಂದು ಕೈಗೊಂಡ ಬೈಕ್ ಯಾನವನ್ನು ಕುರಿತದ್ದು. ಕನ್ನಡದಲ್ಲಿ ಈ ಅನುಭವವು ಬರಹದಲ್ಲಿಯೂ ಮೂಡಿದೆ. ಮಂಗಳೂರಿನ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನ ಅವರು ಗೆಳೆಯರೊಡನೆ ಕೈಗೊಂಡ ಮೋಟಾರು ಸೈಕಲ್ ಯಾನಗಳನ್ನು ಬರೆದು ದಾಖಲಿಸಿದ್ದಾರೆ. ಜಾವಾ ಮತ್ತು ಯೆಜ್ದಿ ಬೈಕುಗಳು 1996ರವರೆಗೆ ಮೈಸೂರಿನಲ್ಲಿಯೇ ತಯಾರಾಗುತ್ತಿದ್ದ ಕಾರಣ ಈ ವಾಹನ ಸಂಸ್ಕೃತಿ ಕನ್ನಡ ನಾಡಿಗೆ ಹೊರಗಿನದೂ ಅಲ್ಲ.

3

ಮೇಲ್ನೋಟಕ್ಕೆ ಇಂತಹ ಸರಣಿಯು ನಡೆದದ್ದನ್ನು ನಡೆದಂತೆ ತೋರಿಸುವ ದಾಖಲೆ. ಆದರೆ ಅದರ ಒಳರಚನೆ ಕಥೆಯದು. ರಷ್ಯದ ಜಾನಪದ ವಿದ್ವಾಂಸ ವ್ಲದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದ್ಭುತ ಕಥೆಗಳನ್ನು 31 ಕ್ರಿಯಾಘಟಕಗಳಾಗಿಯೂ ಏಳು ಪಾತ್ರವಲಯಗಳಾಗಿಯೂ ವಿಂಗಡಿಸಿದುದು ಕನ್ನಡ ಜಾನಪದ ಅಧ್ಯಯನಕ್ಕೆ ಪರಿಚಿತ ಸಂಗತಿ. ನಾಯಕನು ಮನೆ ಬಿಡುವುದು, ಪರೀಕ್ಷೆಗೆ ಒಳಗಾಗುವುದು, ಸಹಾಯಕನಿಂದ ನೆರವು ಪಡೆಯುವುದು, ಗೆದ್ದು ಮರಳುವುದು ಎಂಬ ಕ್ರಮವನ್ನು ಈ ಸರಣಿಗಳು ಹೆಚ್ಚು ಬದಲಾವಣೆಯಿಲ್ಲದೆ ಅನುಸರಿಸುತ್ತವೆ. ಸಿದ್ಧತೆ ಮತ್ತು ಬೀಳ್ಕೊಡುಗೆ ಆರಂಭದ ಭಾಗ. ಕೆಟ್ಟ ರಸ್ತೆ, ತುಂಬಿದ ಹೊಳೆ, ಮುರಿದ ಬೈಕು ಪರೀಕ್ಷೆಗಳು. ಗುರಿ ಮುಟ್ಟಿದ ಸಂಭ್ರಮ ಮುಕ್ತಾಯ.

ಇಲ್ಲಿ ಗಮನಿಸಬೇಕಾದುದು ಸಹಾಯಕನ ಪಾತ್ರವನ್ನು. ಮಂಗೋಲಿಯಾದಲ್ಲಿ ಛಾಯಾಗ್ರಾಹಕನ ಬೈಕಿನ ಚೌಕಟ್ಟು ಮುರಿದಾಗ ಅಲ್ಲಿಯೇ ರಷ್ಯದಲ್ಲಿ ತಯಾರಾದ ಬೈಕೊಂದನ್ನು ಕೊಂಡು ಪ್ರಯಾಣ ಮುಂದುವರಿಸಲಾಗುತ್ತದೆ. ಸೈಬೀರಿಯಾದಲ್ಲಿ ಹೊಳೆಗಳು ತುಂಬಿ ಹರಿಯುವಾಗ ಲಾರಿಗಳು ಬೈಕುಗಳನ್ನು ಹೊತ್ತು ದಾಟಿಸುತ್ತವೆ. ಸರಣಿಯ ಅತ್ಯಂತ ಆಪ್ತವಾದ ಭಾಗಗಳು ಇವೇ. ಸ್ಥಳೀಯರ ನೆರವಿಲ್ಲದೆ ಯಾನವೇ ಇಲ್ಲ. ಆದರೆ ಪ್ರಾಪ್ ವಿವರಿಸಿದ ಕಥೆಗಳಲ್ಲಿ ಸಹಾಯಕನಿಗೆ ನಾಯಕನ ಕಾರ್ಯದಾಚೆಗೆ ಸ್ವಂತ ಕಥೆ ಇಲ್ಲದಿರುವಂತೆಯೇ, ಸರಣಿಯಲ್ಲಿ ನೆರವಿತ್ತವನ ಪಾತ್ರವೂ ವಾಹನ ಚಾಲೂ ಆದ ಕೂಡಲೇ ಮುಗಿಯುತ್ತದೆ. ಪ್ರೇಕ್ಷಕನು ಸಂಚಿಕೆಯಿಂದ ಸಂಚಿಕೆಗೆ ಅನುಸರಿಸುವುದು ಗೆಳೆಯರ ಜಗಳ, ದಣಿವು, ರಾಜಿಗಳನ್ನು. ಭಾಷೆಯ ವಿಷಯದಲ್ಲಿಯೂ ಇದೇ ಸ್ಥಿತಿ. ಸ್ಥಳೀಯನ ಮಾತನ್ನು ಅನುವಾದಕನು ಸವಾರರಿಗೆ ಎಷ್ಟರಮಟ್ಟಿಗೆ ತಿಳಿಸಿದನೋ ಅಷ್ಟೇ ಅರ್ಥ ನಮಗೂ ದಕ್ಕುತ್ತದೆ.

4

ಇದಕ್ಕಿಂತ ಭಿನ್ನವಾದ ಸಂಚಾರ ಕಥನವೊಂದು ಸಿರಾ ಸೀಮೆಯಲ್ಲಿಯೇ ಇದೆ. ಅದು ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಮೌಖಿಕ ಮಹಾಕಾವ್ಯ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡಲಾಗುವ ಈ ಕಾವ್ಯವು ದನಗಾಹಿ ಬದುಕಿನ ಅಲೆದಾಟ, ಸೋದರಮಾವಂದಿರ ಹಗೆ, ದನಗಳ ಮೇಲಣ ಮಮತೆ ಇವುಗಳ ಸುತ್ತ ಬೆಳೆಯುತ್ತದೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಇಂದಿಗೂ ಭಕ್ತರು ನಡೆದುಕೊಳ್ಳುವ ತಾಣ.

ದನಗಾಹಿಯೂ ಸವಾರನೂ ಸಂಚಾರಿಗಳೇ. ಆದರೆ ದನಗಾಹಿಗೆ ದಾರಿಯೆಂದರೆ ನೀರು ಮತ್ತು ಮೇವು. ಎಲ್ಲಿ ನೀರಿದೆ, ಯಾವ ಕಾವಲು ಯಾರದು ಎಂಬ ತಿಳಿವಳಿಕೆಯಿಲ್ಲದೆ ಅವನ ಸಂಚಾರ ಸಾಗದು. ಆದುದರಿಂದ ಅಂತಹ ಕಥನದಲ್ಲಿ ಸ್ಥಳನಾಮವು ಅರ್ಥದ ಭಾರವನ್ನು ಹೊರುತ್ತದೆ. ವೀರನು ಅಳಿದ ಮೇಲೆಯೂ ಗುಡ್ಡ ಅವನ ಹೆಸರಿನಲ್ಲಿ ಉಳಿಯುತ್ತದೆ. ಹಾಡುವವರು ಆ ಗುಡ್ಡದ ಸುತ್ತ ಬಾಳುತ್ತಾರೆ. ದೂರದರ್ಶನ ಸರಣಿಯಲ್ಲಿ ಸ್ಥಳನಾಮವು ನಕ್ಷೆಯ ಮೇಲೆ ಮೂಡಿ ಮಾಯವಾಗುವ ಅಕ್ಷರ. ಒಂದರಲ್ಲಿ ಸಂಚಾರಿಯು ಹೋದ ಮೇಲೆ ಊರು ಉಳಿಯುತ್ತದೆ. ಇನ್ನೊಂದರಲ್ಲಿ ಊರು ಮರೆಯಾದ ಮೇಲೆ ಸಂಚಾರಿ ಉಳಿಯುತ್ತಾನೆ. ಈ ಎರಡು ಕಥನಗಳ ನಡುವಣ ಮೂಲಭೂತ ವ್ಯತ್ಯಾಸ ಇದೆಂದು ತೋರುತ್ತದೆ.

5

ಈ ವ್ಯತ್ಯಾಸವು ಕೇವಲ ಸಿದ್ಧಾಂತದ ಸಂಗತಿಯಲ್ಲ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಮಧುಗಿರಿಯ ಏಕಶಿಲಾ ಬೆಟ್ಟವು ವಾರಾಂತ್ಯದ ಬೈಕ್ ಸವಾರರ ಮೆಚ್ಚಿನ ಗುರಿ. ಅವರ ಶಿರಸ್ತ್ರಾಣದ ಮೇಲಿನ ಕ್ಯಾಮೆರಾದಲ್ಲಿ ಈ ನಾಲ್ಕು ತಾಲ್ಲೂಕುಗಳು ಮತ್ತೆ ಮತ್ತೆ ಚಿತ್ರಿತವಾಗುತ್ತಿವೆ. ಹಾಗೆ ಚಿತ್ರಿತವಾಗುವಾಗ ಉಳಿಯುವುದೇನು, ಬಿಟ್ಟುಹೋಗುವುದೇನು?

ಮಧುಗಿರಿಯ ಹಳೆಯ ಹೆಸರು ಮದ್ದಗಿರಿ. ಹಿರಿಯರ ಮಾತಿನಲ್ಲಿ ಇನ್ನೂ ಕೇಳಿಬರುವ ಈ ರೂಪವು ಊರಿನ ಚರಿತ್ರೆಗೆ ಒಂದು ಬಾಗಿಲು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಚಾರಣದ ಜಾಗವಾಗಿ ಕಾಣಿಸಿಕೊಳ್ಳುತ್ತದೆ. ಔಷಧಿ ಸಸ್ಯಗಳಿಗೆ ಅದು ಪಡೆದ ಪ್ರಸಿದ್ಧಿಯ ಹಿಂದಿರುವ ನಾಟಿವೈದ್ಯದ ಅರಿವು ಚೌಕಟ್ಟಿನೊಳಗೆ ಬರುವುದು ಅಪರೂಪ. ಸಿರಾ ಹೆದ್ದಾರಿಯ ಊಟದ ನಿಲ್ದಾಣವಾಗಿಬಿಡುತ್ತದೆ. ಆದರೆ ಅದು ಮೊಗಲ್ ಸುಬಾದ ಕೇಂದ್ರವಾಗಿದ್ದ ಊರು. 1651ರ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ಇಲ್ಲಿವೆ.

ಪಾವಗಡದ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀವ್ರ. ತಿರುಮಣಿ ಪ್ರದೇಶದ ಐದು ಹಳ್ಳಿಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಹರಡಿದೆ. 2018ರಲ್ಲಿ ಉದ್ಘಾಟನೆಗೊಂಡ ಇದಕ್ಕೆ ರೈತರ ಜಮೀನನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳ ಆರಂಭಿಕ ದರದಲ್ಲಿ ಗುತ್ತಿಗೆಗೆ ಪಡೆಯಲಾಯಿತು. ವೇಗವಾಗಿ ಸಾಗುವ ಕ್ಯಾಮೆರಾಕ್ಕೆ ಇದು ನೀಲಿ ಫಲಕಗಳ ಸಮುದ್ರ, ಅದಕ್ಕೂ ಮೊದಲು ಬರಡು ಬಯಲು. ಗುತ್ತಿಗೆಯ ಹಣ ಜಮೀನುಳ್ಳವನಿಗೆ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಅಲ್ಲಿ ಕುರಿ ಮೇಯಿಸುತ್ತಿದ್ದವರು ಏನಾದರು ಎಂಬುದು ನಿಂತು ಕೇಳಿದರೆ ಮಾತ್ರ ತಿಳಿಯುವ ಸಂಗತಿ. ಆಂಧ್ರದ ನೆಲದಿಂದ ಬಹುಪಾಲು ಸುತ್ತುವರಿದ ಈ ತಾಲ್ಲೂಕಿನಲ್ಲಿ ಉತ್ತರವು ತೆಲುಗಿನಲ್ಲಿಯೂ ಬರಬಹುದು, ಕನ್ನಡದಲ್ಲಿಯೂ ಬರಬಹುದು. ‘ಬರಡು’ ಎಂಬ ಚಿತ್ರಣವು ಒಮ್ಮೆ ಗಟ್ಟಿಯಾದರೆ, ಮೇವಿನ ನೆಲವೊಂದು ಯಾರಿಗೂ ಸೇರದ ನೆಲವೆಂಬ ಭಾವನೆಗೆ ಅದು ಆಧಾರವಾಗುತ್ತದೆ.

6

ನಿಂತು ಕೇಳುವುದರಿಂದಲೇ ಎಲ್ಲವೂ ಸರಿಹೋಗುತ್ತದೆ ಎನ್ನುವಂತಿಲ್ಲ. ಟಿಪ್ಪು ಸುಲ್ತಾನನ ಪತನಾನಂತರ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಹೊರಟ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಸಿರಾ ಸೀಮೆಗಳಲ್ಲಿಯೂ ಸಂಚರಿಸಿದ. 1807ರಲ್ಲಿ ಪ್ರಕಟವಾದ ಅವನ ದಿನಚರಿಯಲ್ಲಿ ಮಣ್ಣು, ಬೆಳೆ, ನೀರಾವರಿ, ಜಾತಿಗಳ ವಿವರಗಳು ತುಂಬಿವೆ. ಅವನು ಕೇಳಿದ್ದಾನೆ, ಹೆಸರುಗಳನ್ನು ಬರೆದಿದ್ದಾನೆ. ಆದರೆ ಆ ಕುತೂಹಲವು ಹೊಸದಾಗಿ ಕೈವಶವಾದ ನಾಡನ್ನು ಅಳೆಯುವ ಪ್ರಭುತ್ವದ ಕುತೂಹಲ. ಗೆಳೆಯರ ಸರಣಿಯಲ್ಲಿ ಅಂತಹ ಅಧಿಕಾರವಿಲ್ಲ. ದಾರಿ ತಪ್ಪಿದ, ಬೈಕು ಕೆಟ್ಟ ಸವಾರನು ಊರಿನವರ ದಯೆಗೆ ಒಳಗಾದವನು. ಈ ಪ್ರಕಾರದ ಸಾಧ್ಯತೆ ಅಡಗಿರುವುದು ಇಲ್ಲಿಯೇ. ಅವಲಂಬನೆಯ ಆ ಗಳಿಗೆಯಲ್ಲಿ ಊರಿನವನು ಬಲ್ಲವನಾಗುತ್ತಾನೆ, ನಾಯಕನು ಕಲಿಯುವವನಾಗುತ್ತಾನೆ. ಸಂಕಲನದ ಮೇಜಿನ ಮೇಲೆ ಆ ಗಳಿಗೆಯನ್ನು ಎಷ್ಟು ಹೊತ್ತು ಉಳಿಸಿಕೊಳ್ಳಲಾಗಿದೆ ಎಂಬುದರಿಂದ ಸರಣಿಯ ಮೌಲ್ಯವನ್ನು ನಿರ್ಣಯಿಸಬಹುದು.

ಆದುದರಿಂದ ದೃಶ್ಯ ಪ್ರವಾಸ ಕಥನವನ್ನು ತರಗತಿಯಲ್ಲಿ ಪಠ್ಯವಾಗಿ ಓದುವಾಗ ಮೂರು ಪ್ರಶ್ನೆಗಳು ಉಪಯುಕ್ತ. ನೆರವಿತ್ತವರಿಗೆ ಹೆಸರಿದೆಯೇ? ಅವರ ಮಾತು ಅವರ ಭಾಷೆಯಲ್ಲಿ ಪೂರ್ಣವಾಗಿ ಕೇಳಿಸುತ್ತದೆಯೇ? ಸವಾರರು ಹೊರಟುಹೋದ ಮೇಲೆ ಆ ಊರಿನಲ್ಲಿ ಏನು ಉಳಿಯಿತೆಂಬುದನ್ನು ಕಥನವು ಯೋಚಿಸುತ್ತದೆಯೇ? ಸಿರಾ, ಪಾವಗಡಗಳಿಂದ ಬರುವ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಹಿಡಿದು ತಮ್ಮ ಊರಿನ ದೃಶ್ಯಗಳನ್ನು ನೋಡಿದರೆ, ಪರದೆಯ ಮೇಲೆ ಕಾಣದ ಅನೇಕ ಹೆಸರುಗಳನ್ನು ಅವರೇ ತುಂಬಿಕೊಡಬಲ್ಲರು. ಸ್ಥಳನಾಮ ಅಧ್ಯಯನ, ಮೌಖಿಕ ಕಾವ್ಯಗಳ ಸಂಗ್ರಹ ಮತ್ತು ಪ್ರವಾಸ ಕಥನದ ವಿಮರ್ಶೆ ಇವುಗಳನ್ನು ನಾವು ಬೇರೆ ಬೇರೆ ಶಾಖೆಗಳಾಗಿ ಬೆಳೆಸಿದ್ದೇವೆ. ಇವು ಒಂದೆಡೆ ಸೇರಬೇಕಾದ ಅಗತ್ಯವನ್ನು ಈ ಹೊಸ ಪ್ರಕಾರ ನಮ್ಮ ಮುಂದಿಟ್ಟಿದೆ.