ಕೋವಿಯಂಗಡಿ ಮತ್ತು ಗುರಿಶಾಲೆ: ಒಂದು ವಿವೇಚನೆ

ಕೊಳ್ಳುವವರ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವುದು ವ್ಯಾಪಾರದ ಸಹಜ ಧರ್ಮ. ಆದರೆ ಕೊಳ್ಳಲು ಯಾರು ಅರ್ಹರೆಂಬುದನ್ನು ಸರ್ಕಾರವೇ ನಿರ್ಧರಿಸುವ ವ್ಯಾಪಾರವೊಂದು ನಮ್ಮ ದೇಶದಲ್ಲಿದೆ. ಅದು ಕೋವಿಯ ವ್ಯಾಪಾರ. ಅದರ ತೊಡಕುಗಳನ್ನೂ, ಅದಕ್ಕೆ ಹೊಂದಿಕೊಂಡ ಗುರಿಶಾಲೆಯ ತೊಡಕುಗಳನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1959ರ ಆಯುಧ ಅಧಿನಿಯಮದ ಮೇರೆಗೆ ಕೋವಿಯನ್ನು ಮಾರುವುದಕ್ಕೆ ಮಾತ್ರವಲ್ಲ, ದುರಸ್ತು ಮಾಡುವುದಕ್ಕೂ ಪರವಾನಗಿ ಬೇಕು. ಕೊಳ್ಳುವವನ ಪರವಾನಗಿಯಲ್ಲಿ ಕಾಣಿಸಿದ ಮಿತಿಯನ್ನು ಮೀರಿ ಒಂದು ತೋಟೆಯನ್ನೂ ಕೊಡುವಂತಿಲ್ಲ. ಇಲ್ಲಿ ಒಂದು ತೋಟೆಯ ಲೆಕ್ಕ ತಪ್ಪುವುದು ಬಟ್ಟೆಯಂಗಡಿಯಲ್ಲಿ ಒಂದು ಮೊಳ ತಪ್ಪಿದಂತಲ್ಲ. ಅಂಗಡಿಯ ಅಸ್ತಿತ್ವಕ್ಕೇ ಸಂಚಕಾರ ಬರುತ್ತದೆ.

ಬೇಡಿಕೆಯಾದರೋ ಕುಗ್ಗುತ್ತ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ಅದರ 1991ರ ತಿದ್ದುಪಡಿಯೂ ಬೇಟೆಯನ್ನು ನಿಲ್ಲಿಸಿದುವು. ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಸಾಮಾನ್ಯವಾಗಿ 3ರಿಂದ 2ಕ್ಕೆ ಇಳಿಸಿತು. ಹೆಚ್ಚಿನ ಕೋವಿಯನ್ನು ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕಾಯಿತು. ಹೀಗೆ ಮಾರುವವನು ಪರರ ಸೊತ್ತಿನ ಕಾವಲುಗಾರನೂ ಆಗುತ್ತಾನೆ.

ಕೊಡಗಿನ ಸಂಗತಿ ವಿಶೇಷವಾದುದು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳ ಮಟ್ಟಿಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವ ನಾಡು ಅದು. ಆದರೂ ಈ ವಿನಾಯಿತಿ ಕೋವಿಯ ಒಡೆಯನಿಗೇ ಹೊರತು ಅದನ್ನು ಮಾರುವವನಿಗಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಗುರಿಶಾಲೆ. .22 ರೈಫಲಿನ ಚಿಕ್ಕ ಗುಂಡು ಕೂಡ ತಡೆಯಿಲ್ಲದಿದ್ದರೆ ಒಂದು ಮೈಲಿಗೂ ಮಿಗಿಲಾಗಿ ಸಾಗಬಲ್ಲದು. ಆದುದರಿಂದ ಗುರಿಯ ಹಿಂದೆ ಮಣ್ಣಿನ ದಿಬ್ಬವನ್ನೋ ಉಕ್ಕಿನ ತಡೆಯನ್ನೋ ಕಟ್ಟಲೇಬೇಕು. ಒಳಾಂಗಣದಲ್ಲಿ ಕಣ್ಣಿಗೆ ಕಾಣದ ಶತ್ರುವೆಂದರೆ ಸೀಸದ ಧೂಳು. ಗಾಳಿಯು ಗುರಿಕಾರನ ಬೆನ್ನಿನ ಕಡೆಯಿಂದ ಗುರಿಯತ್ತ ಹರಿಯುವಂತೆ ಏರ್ಪಡಿಸಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸಬಾರದು. ಗುಡಿಸಿದರೆ ಧೂಳು ಮೇಲೆದ್ದು, ದಿನವೆಲ್ಲ ಅಲ್ಲಿಯೇ ದುಡಿಯುವ ನೌಕರನ ಶ್ವಾಸಕೋಶವನ್ನು ಸೇರುತ್ತದೆ. ಇವೆಲ್ಲಕ್ಕೂ ಹಣ ಬೇಕು.

ಈ ಕಾರಣದಿಂದಲೇ 10 ಮೀಟರ್ ವಾಯುಕೋವಿಯ ಶಾಲೆಯನ್ನು ನಡೆಸುವುದು ಸುಲಭ. ಅದಕ್ಕೆ ಒಂದು ದೊಡ್ಡ ಕೋಣೆ ಸಾಕು. ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ ಸ್ವರ್ಣವನ್ನು ಗಳಿಸಿದ್ದೂ, ಮನು ಭಾಕರ್ 2024ರಲ್ಲಿ ಎರಡು ಕಂಚುಗಳನ್ನು ಗಳಿಸಿದ್ದೂ ಈ ಅಂತರದ ಸ್ಪರ್ಧೆಗಳಲ್ಲಿಯೇ. 25 ಮತ್ತು 50 ಮೀಟರುಗಳ ಅಭ್ಯಾಸಕ್ಕಾದರೆ ಭೂಮಿ, ತಡೆಗೋಡೆ, ತೋಟೆ ಇವೆಲ್ಲವೂ ಬೇಕಾಗುತ್ತವೆ.

ಇಂಥ ಅಂಗಡಿಗಳು ಮುಚ್ಚಿದರೆ ಸಮಾಜಕ್ಕೆ ಕ್ಷೇಮವೆಂದು ಹೇಳುವವರುಂಟು. ಅವರ ಭೀತಿ ನಿರಾಧಾರವಲ್ಲ. ಆದರೆ ಪ್ರತಿಯೊಂದು ತೋಟೆಗೂ ಲೆಕ್ಕವಿಡುವವನು ಈ ವ್ಯಾಪಾರಿ. ಕಳ್ಳಕೋವಿಯನ್ನು ಮಾರುವವನು ಯಾವ ವಹಿಯನ್ನೂ ಇಡುವುದಿಲ್ಲ. ನಿಯಮಗಳು ಕಠಿಣವಾಗಿರಲಿ, ಅವುಗಳನ್ನು ಪಾಲಿಸುವವನು ಬದುಕುವಂತೆಯೂ ಇರಲಿ ಎಂಬುದು ನಮ್ಮ ಅಭಿಪ್ರಾಯ.