ನೆನೆದ ಪುಸ್ತಕ, ಪೇಪರ್ ಟವೆಲ್

ಹೋದ ವಾರದ ಮಳೆಗೆ ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿ, ಊರಿಂದ ಹೊತ್ತು ತಂದಿದ್ದ ಒಂದು ಪೆಟ್ಟಿಗೆ ಕನ್ನಡ ಪುಸ್ತಕಗಳು ನೆನೆದುಹೋದವು. ನಿಮ್ಮಲ್ಲಿ ಅನೇಕರ ಪೆಟ್ಟಿಗೆಗಳೂ ಬೇಸ್‌ಮೆಂಟಿನಲ್ಲೇ ಇರುವುದರಿಂದ ಇದನ್ನು ಬರೆಯುತ್ತಿದ್ದೇವೆ.

ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ನಾರುಗಳ ನಡುವಿನ ಸಂದು ಕಿರಿದಾದಷ್ಟೂ ನೀರನ್ನು ಎಳೆಯುವ ಬಲ ಹೆಚ್ಚು. ಸಂದಿನಲ್ಲಿರುವ ನೀರು ಒತ್ತಿ ಹಿಡಿದ ಟವೆಲಿಗೆ ದಾಟುತ್ತದೆ. ನಾರಿನೊಳಗೇ ಸೇರಿದ ನೀರು ಹಾಗೆ ಬಿಡುವುದಿಲ್ಲ, ಅದನ್ನು ಗಾಳಿಯೇ ಒಣಗಿಸಬೇಕು. ನಾರು ಉಬ್ಬುವುದೂ ಆ ನೀರಿನಿಂದಲೇ. ಅದಕ್ಕೇ ಹಾಳೆ ಒಣಗಿದ ಮೇಲೂ ಹಪ್ಪಳದಂತೆ ಸೊಟ್ಟಗಿರುತ್ತದೆ.

1921ರಲ್ಲಿ ವಾಷ್‌ಬರ್ನ್ ಪ್ರಕಟಿಸಿದ ಸಮೀಕರಣದ ಪ್ರಕಾರ, ಇಂಥ ಸಂದುಗಳಲ್ಲಿ ನೀರು ಎರಡರಷ್ಟು ದೂರ ಹೋಗಲು ನಾಲ್ಕರಷ್ಟು ಹೊತ್ತು ಬೇಕು. ಅಂದರೆ ಟವೆಲ್ ಮೊದಮೊದಲು ಚೆನ್ನಾಗಿ ಹೀರಿ ಆಮೇಲೆ ಮಂದವಾಗುತ್ತದೆ. ಇಂಜಿನಿಯರುಗಳಾದ ನಾವು ಅದೇ ಟವೆಲನ್ನು ರಾತ್ರಿಯಿಡೀ ಬಿಟ್ಟೆವು! ಆಗಾಗ ಬದಲಿಸಬೇಕಿತ್ತು.

ಹೊಳಪಿನ ಆರ್ಟ್ ಪೇಪರ್ ಹಾಳೆಗಳನ್ನು ಒದ್ದೆಯಿರುವಾಗಲೇ ಬಿಡಿಸಿ. ಒಣಗಿದರೆ ಅಂಟಿಕೊಂಡು ಇಟ್ಟಿಗೆಯಾಗುತ್ತವೆ. ಎರಡು ದಿನ ಕಳೆದರೆ ಬೂಷ್ಟು ಹಿಡಿಯುವ ಭಯ. ಅಷ್ಟರಲ್ಲಿ ಒಣಗಿಸಲಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿ. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯದು. ನಮ್ಮ ಫ್ರೀಜರಿನಲ್ಲಿ ಈಗ ತೆಂಗಿನತುರಿಯ ಪಕ್ಕದಲ್ಲಿ ಎರಡು ಕಾದಂಬರಿಗಳಿವೆ.