ಅರ್ಧಕ್ಕೆ ನಿಂತ ಮ್ಯಾಚ್: ಆಟಗಾರನ ರಾಜಕೀಯ ನಮಗ್ಯಾಕೆ?

ಫುಟ್‌ಬಾಲ್ ನೋಡುವವರ ನಡುವೆ ವರ್ಷಕ್ಕೆ ಒಂದು ಸಲವಾದರೂ ಈ ಜಗಳ ಬರುತ್ತೆ. ಒಬ್ಬ ಆಟಗಾರ ಯಾವುದೋ ನಾಯಕನ ಜೊತೆ ಫೋಟೋ ತೆಗೆಸಿಕೊಂಡಿರ್ತಾನೆ, ಇಲ್ಲಾ ಯಾವುದೋ ಪಕ್ಷದ ಪರ ಪೋಸ್ಟ್ ಹಾಕಿರ್ತಾನೆ. "ಗೋಲ್ ಹೊಡೆದ್ರೆ ಸಾಕಪ್ಪ, ಅವನ ರಾಜಕೀಯ ಕಟ್ಕೊಂಡು ನಮಗೇನಾಗಬೇಕು" ಅನ್ನೋರು ಒಂದು ಕಡೆ. "ಅಂಥವನು ನಮ್ಮ ಜೆರ್ಸಿ ಹಾಕೋದಾ?" ಅನ್ನೋರು ಇನ್ನೊಂದು ಕಡೆ. ನಮ್ಮ ಹಾಸ್ಟೆಲ್ ಟೀವಿ ರೂಮಿನಲ್ಲಿ ರಾತ್ರಿ ಎರಡು ಗಂಟೆಯಾದರೂ ಇದು ಮುಗಿಯೋದಿಲ್ಲ. ನಾನು ತುಂಬಾ ದಿನ ಮೊದಲನೇ ಗುಂಪಿನಲ್ಲೇ ಇದ್ದೆ. ಸ್ಪೇನಿನ ಒಂದು ಪ್ರಕರಣವನ್ನು ಓದಿಕೊಂಡ ಮೇಲೆ ಎರಡೂ ಕಡೆ ನೆಮ್ಮದಿಯಾಗಿ ಕೂರೋಕೆ ಆಗ್ತಿಲ್ಲ. ಅದನ್ನೇ ಇಲ್ಲಿ ವಿವರಿಸೋಕೆ ಹೊರಟಿದ್ದೇನೆ.

2019ರ ಡಿಸೆಂಬರ್ 15. ಮ್ಯಾಡ್ರಿಡ್ ನಗರದ ವಾಯೆಕಾಸ್ ಕ್ರೀಡಾಂಗಣ. ಸ್ಪೇನಿನ ಎರಡನೇ ದರ್ಜೆಯ ಲೀಗ್‌ನಲ್ಲಿ ರಾಯೋ ವಾಯೆಕಾನೊ ಮತ್ತು ಅಲ್ಬಾಸೆಟೆ ತಂಡಗಳ ಪಂದ್ಯ. ಹಾಫ್ ಟೈಮ್‌ಗೆ ಸ್ಕೋರು 0-0. ಆದರೆ ಎರಡನೇ ಅರ್ಧ ಶುರುವಾಗಲೇ ಇಲ್ಲ. ಅಲ್ಬಾಸೆಟೆ ತಂಡದ ಉಕ್ರೇನ್ ಆಟಗಾರ ರೊಮಾನ್ ಝೊಝೂಲ್ಯಾನನ್ನು ರಾಯೋ ಅಭಿಮಾನಿಗಳು "ನೀನೊಬ್ಬ ನಾಜಿ" ಅಂತ ಒಕ್ಕೊರಲಿನಿಂದ ಕೂಗ್ತಾ ಇದ್ದರು. ನಾವು ಮತ್ತೆ ಮೈದಾನಕ್ಕೆ ಇಳಿಯೋಲ್ಲ ಅಂತ ಅಲ್ಬಾಸೆಟೆ ಹೇಳಿತು, ರೆಫರಿ ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಪ್ರೇಕ್ಷಕರ ಬೈಗುಳದ ಕಾರಣಕ್ಕೆ ಸ್ಪೇನಿನ ವೃತ್ತಿಪರ ಫುಟ್‌ಬಾಲ್‌ನಲ್ಲಿ ಪಂದ್ಯ ಅರ್ಧಕ್ಕೆ ನಿಂತಿದ್ದು ಅದೇ ಮೊದಲು.

ಅಷ್ಟು ಸಿಟ್ಟು ಬಂದಿದ್ದು ಎಲ್ಲಿಂದ? ಅದಕ್ಕೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ಝೊಝೂಲ್ಯಾ 2015ರ ಯೂರೋಪಾ ಲೀಗ್ ಫೈನಲ್ ತಲುಪಿದ್ದ ಡ್ನಿಪ್ರೋ ತಂಡದವನು. 2014ರಲ್ಲಿ ಪೂರ್ವ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಗೆಳೆಯರನ್ನು ಸೇರಿಸಿಕೊಂಡು ಸೈನ್ಯಕ್ಕೆ ಸಾಮಾನು, ಹಣ ಒದಗಿಸುವ ಕೆಲಸಕ್ಕೆ ಇಳಿದ. 2016ರಲ್ಲಿ ಸ್ಪೇನಿನ ರಿಯಲ್ ಬೆಟಿಸ್ ತಂಡ ಸೇರಲು ಸೆವಿಯಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅವನ ಟೀ ಶರ್ಟ್ ಮೇಲೊಂದು ಚಿಹ್ನೆ ಇತ್ತು. ಅದು ಉಕ್ರೇನಿನ ಒಂದು ಉಗ್ರ ಬಲಪಂಥೀಯ ಸಂಘಟನೆಯದ್ದು ಅಂತ ವರದಿಯಾಯಿತು. ಅದು ನಮ್ಮ ದೇಶದ ಲಾಂಛನ, ಜೊತೆಗಿರೋದು ತಾರಾಸ್ ಶೆವ್ಚೆಂಕೊ ಅನ್ನೋ ನಮ್ಮ ಕವಿಯ ಸಾಲುಗಳು ಅಂತ ಅವನು ಹೇಳಿದ. ಆ ವರದಿ ತಪ್ಪು ಅಂತ ಆಮೇಲೆ ತಿದ್ದುಪಡಿಯೂ ಬಂತು. ತಿದ್ದುಪಡಿಯನ್ನು ಎಷ್ಟು ಜನ ಓದ್ತಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

2017ರ ಜನವರಿ 31, ಟ್ರಾನ್ಸ್‌ಫರ್ ವಿಂಡೋದ ಕೊನೆಯ ದಿನ. ಬೆಟಿಸ್ ಅವನನ್ನು ರಾಯೋ ತಂಡಕ್ಕೆ ಲೋನ್ ಮೇಲೆ ಕಳಿಸಿತು. ಮರುದಿನ ಅವನು ಮೊದಲ ಪ್ರಾಕ್ಟೀಸ್‌ಗೆ ಬಂದಾಗ ಅಭಿಮಾನಿಗಳು ಬ್ಯಾನರ್ ಹಿಡಿದು ನಿಂತಿದ್ದರು: ವಾಯೆಕಾಸ್ ನಾಜಿಗಳ ಜಾಗ ಅಲ್ಲ. ಅವನೊಂದು ಬಹಿರಂಗ ಪತ್ರ ಬರೆದ. ನನಗೂ ಯಾವುದೇ ನವನಾಜಿ ಗುಂಪಿಗೂ ಸಂಬಂಧವಿಲ್ಲ, ನನ್ನ ದೇಶದ ಸೈನ್ಯಕ್ಕೂ ಕಷ್ಟದಲ್ಲಿರೋ ಮಕ್ಕಳಿಗೂ ಸಹಾಯ ಮಾಡಿದ್ದೇನೆ ಅಷ್ಟೇ ಅಂತ. ಅಭಿಮಾನಿಗಳು ಒಪ್ಪಲಿಲ್ಲ. ಒಂದೇ ದಿನದಲ್ಲಿ ಅವನು ಸೆವಿಯಾಕ್ಕೆ ವಾಪಸ್. ವಿಂಡೋ ಮುಚ್ಚಿದ್ದರಿಂದ ಬೆಟಿಸ್ ಅವನನ್ನು ಮತ್ತೆ ನೋಂದಾಯಿಸುವ ಹಾಗಿರಲಿಲ್ಲ. ಆ ಸೀಸನ್ನಿನ ಉಳಿದ ತಿಂಗಳೆಲ್ಲ ಪ್ರಾಕ್ಟೀಸ್ ಉಂಟು, ಪಂದ್ಯ ಇಲ್ಲ. ಫುಟ್‌ಬಾಲ್ ಆಟಗಾರನ ಬಾಳು ಹತ್ತು ಹದಿನೈದು ಸೀಸನ್. ಅದರಲ್ಲಿ ಅರ್ಧ ಸೀಸನ್ ಹೀಗೆ ಹೋಯಿತು.

ಇಷ್ಟು ಓದಿದರೆ ಅಭಿಮಾನಿಗಳೇ ವಿಲನ್ ಥರ ಕಾಣ್ತಾರೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ವಾಯೆಕಾಸ್ ಅಂದ್ರೆ ಏನು ಅಂತ ತಿಳಿಯದೆ ಈ ಕಥೆ ಅರ್ಥ ಆಗೋಲ್ಲ.

ವಾಯೆಕಾಸ್ ಮ್ಯಾಡ್ರಿಡ್‌ನ ಆಗ್ನೇಯಕ್ಕಿರುವ ಕೂಲಿಕಾರರ, ಕಾರ್ಮಿಕರ ಪ್ರದೇಶ. 1950ರವರೆಗೆ ಅದು ಬೇರೆಯೇ ಊರು. ಅಂತರ್ಯುದ್ಧ ಮುಗಿದ ಮೇಲೆ ಆಂಡಲೂಸಿಯಾ, ಎಕ್ಸ್ಟ್ರೆಮಾದುರಾ ಕಡೆಯಿಂದ ಬಡವರು ಗುಳೆ ಬಂದು ಇಲ್ಲಿ ಗುಡಿಸಲು ಕಟ್ಟಿಕೊಂಡರು. ಸ್ಪೇನಿನಲ್ಲಿ 1939ರಿಂದ 1975ರವರೆಗೆ ಫ್ರಾಂಕೋನ ಸರ್ವಾಧಿಕಾರ ಇತ್ತು ಅನ್ನೋದು ನೆನಪಿರಲಿ. ಅಲ್ಲಿನ ಮುದುಕರಿಗೆ 'ಫ್ಯಾಸಿಸ್ಟ್' ಅನ್ನೋದು ಪಠ್ಯಪುಸ್ತಕದ ಪದ ಅಲ್ಲ, ಮನೆಯೊಳಗಿನ ನೆನಪು. 1924ರಲ್ಲಿ ಹುಟ್ಟಿದ ರಾಯೋ ಆ ಪ್ರದೇಶದ ತಂಡ. ಬಿಳಿ ಅಂಗಿ, ಅಡ್ಡಲಾಗಿ ಕೆಂಪು ಪಟ್ಟಿ. ಅದೇ ಊರಿನ ರಿಯಲ್ ಮ್ಯಾಡ್ರಿಡ್ ಮುಂದೆ ಅದರ ಬಜೆಟ್ ಚಿಲ್ಲರೆ ಕಾಸು. ಅದರ ಕಟ್ಟಾ ಅಭಿಮಾನಿಗಳ ಗುಂಪು ಬುಕಾನೆರೊಸ್ 1992ರಿಂದ ಎಡಪಂಥೀಯ, ಫ್ಯಾಸಿಸ್ಟ್ ವಿರೋಧಿ ಅಂತಲೇ ಗುರುತಿಸಿಕೊಂಡಿದೆ.

ಇದು ಬರೀ ಘೋಷಣೆಯೂ ಅಲ್ಲ. 2014ರಲ್ಲಿ ಆ ಪ್ರದೇಶದ 85 ವರ್ಷದ ಅಜ್ಜಿಯೊಬ್ಬರನ್ನು ಸಾಲದ ಕಾರಣಕ್ಕೆ ಮನೆಯಿಂದ ಹೊರಹಾಕಿದಾಗ, ಅವರ ಬಾಡಿಗೆಗೆ ನಾವು ನಿಲ್ಲುತ್ತೇವೆ ಅಂತ ಕೋಚ್ ಪಾಕೊ ಹೆಮೆಸ್ ಹೇಳಿದರು. 2015-16ರ ಎರಡನೇ ಜೆರ್ಸಿಯಲ್ಲಿ ಕೆಂಪು ಪಟ್ಟಿಯ ಜಾಗದಲ್ಲಿ ಕಾಮನಬಿಲ್ಲಿನ ಪಟ್ಟಿ ಬಂತು. ಹಾಗಾಗಿ "ಫುಟ್‌ಬಾಲ್‌ಗೆ ರಾಜಕೀಯ ತರಬೇಡಿ" ಅಂತ ರಾಯೋ ಅಭಿಮಾನಿಗೆ ಹೇಳಿದರೆ ಅವನು ನಕ್ಕುಬಿಡ್ತಾನೆ. ರಾಜಕೀಯವನ್ನು ತೆಗೆದುಬಿಟ್ಟರೆ ಆ ಕ್ಲಬ್‌ನಲ್ಲಿ ಉಳಿಯೋದು ಏನು? ಕಪ್ಪುಗಳಂತೂ ಇಲ್ಲ.

ಇಲ್ಲೇ ನನ್ನ ಮೊದಲ ಅಭಿಪ್ರಾಯ ಬದಲಾಗಿದ್ದು. ಆಟಗಾರನ ರಾಜಕೀಯ ಮುಖ್ಯವೋ ಅಲ್ಲವೋ ಅನ್ನೋದಕ್ಕೆ ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ. ಅದು ಆ ಕ್ಲಬ್ ತನ್ನ ಜನರಿಗೆ ಏನಾಗಿದೆ ಅನ್ನೋದರ ಮೇಲೆ ನಿಂತಿದೆ. ಇಟಲಿಯ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದು 1921ರಲ್ಲಿ ಲಿವೋರ್ನೊ ಊರಿನಲ್ಲಿ. ಅದೇ ಊರಿನ ಕ್ರಿಸ್ಟಿಯಾನೊ ಲುಕಾರೆಲ್ಲಿ ಸಂಬಳ ಕಡಿಮೆ ಮಾಡಿಕೊಂಡು 2003ರಲ್ಲಿ ಊರ ತಂಡಕ್ಕೆ ಬಂದ. 1999ರಲ್ಲಿ ಹುಟ್ಟಿದ ಎಡಪಂಥೀಯ ಅಭಿಮಾನಿ ಗುಂಪಿನ ಗೌರವಕ್ಕೆ 99 ನಂಬರಿನ ಅಂಗಿ ತೊಟ್ಟ. 2004-05ರಲ್ಲಿ 24 ಗೋಲು ಹೊಡೆದು ಇಟಲಿಯಲ್ಲೇ ಮೊದಲ ಸ್ಥಾನಕ್ಕೆ ಬಂದ. ಅಲ್ಲಿ ಅವನ ರಾಜಕೀಯ ಗೋಲಿನಷ್ಟೇ ಪ್ರಿಯ. ಲಾತ್ಸಿಯೊ ಸ್ಟ್ಯಾಂಡಿನಲ್ಲಿ ಅದೇ ಮನುಷ್ಯನಿಗೆ ಏನು ಕಾದಿರುತ್ತಿತ್ತು ಅಂತ ಊಹಿಸಿಕೊಳ್ಳಿ.

ಆದರೆ ಅಭಿಮಾನಿಗಳ ತತ್ವ ಎಷ್ಟು ಗಟ್ಟಿ ಅನ್ನೋದಕ್ಕೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಸ್ವಲ್ಪ ಮುಜುಗರದ ಉದಾಹರಣೆ. 2013ರ ಮಾರ್ಚ್ ಕೊನೆಗೆ ಆ ಕ್ಲಬ್ ಪಾವ್ಲೊ ಡಿ ಕಾನಿಯೊನನ್ನು ಮ್ಯಾನೇಜರ್ ಮಾಡಿತು. 2005ರಲ್ಲಿ ಲಾತ್ಸಿಯೊ ಆಟಗಾರನಾಗಿದ್ದಾಗ ಅಭಿಮಾನಿಗಳತ್ತ ತೋಳು ಚಾಚಿ ಫ್ಯಾಸಿಸ್ಟ್ ಸೆಲ್ಯೂಟ್ ಹೊಡೆದವನು, ನಾನು ಫ್ಯಾಸಿಸ್ಟ್, ರೇಸಿಸ್ಟ್ ಅಲ್ಲ ಅಂತ ತಾನೇ ಹೇಳಿಕೊಂಡವನು. ಇಲ್ಲಿ ಟೀ ಶರ್ಟ್ ಓದುವ ಕಷ್ಟವೇ ಇರಲಿಲ್ಲ. ಕ್ಲಬ್‌ನ ಉಪಾಧ್ಯಕ್ಷ ಡೇವಿಡ್ ಮಿಲಿಬ್ಯಾಂಡ್ ರಾಜೀನಾಮೆ ಕೊಟ್ಟರು. ಸಂಡರ್‌ಲ್ಯಾಂಡ್ ಕ್ರೀಡಾಂಗಣ ನಿಂತಿರೋದು ಹಳೆಯ ಕಲ್ಲಿದ್ದಲು ಗಣಿಯ ಜಾಗದಲ್ಲಿ. ಅಲ್ಲಿ ಇಟ್ಟಿದ್ದ ತಮ್ಮ ಬಾವುಟ ವಾಪಸ್ ಕೊಡಿ ಅಂತ ಡರ್ಹಮ್ ಗಣಿ ಕಾರ್ಮಿಕರ ಸಂಘ ಕೇಳಿತು. ನಾನು ಫ್ಯಾಸಿಸಂ ಬೆಂಬಲಿಸೋದಿಲ್ಲ ಅಂತ ಡಿ ಕಾನಿಯೊ ಹೇಳಿಕೆ ಕೊಡಬೇಕಾಯಿತು. ಏಪ್ರಿಲ್ 14ರಂದು ತಂಡ ಪಕ್ಕದೂರಿನ ಬದ್ಧವೈರಿ ನ್ಯೂಕಾಸಲ್ ತಂಡವನ್ನು 3-0 ಅಂತರದಿಂದ ಸೋಲಿಸಿತು. ಆಮೇಲೆ ಆ ಗಲಾಟೆ ಬಹುಪಾಲು ತಣ್ಣಗಾಯಿತು. ಸೆಪ್ಟೆಂಬರ್‌ನಲ್ಲಿ ಅವನ ಕೆಲಸ ಹೋಗಿದ್ದು ಸೋಲುಗಳಿಂದ, ಆಟಗಾರರ ಜೊತೆಗಿನ ಜಗಳದಿಂದ. ಸೆಲ್ಯೂಟಿನಿಂದಲ್ಲ.

ವಾಪಸ್ ವಾಯೆಕಾಸ್‌ಗೆ ಬರೋಣ. ರಾಯೋ ಅಭಿಮಾನಿಗಳಿಗೆ ತಮ್ಮ ಜೆರ್ಸಿ ಯಾರು ಹಾಕಬೇಕು ಅಂತ ಕೇಳುವ ಹಕ್ಕಿದೆ ಅಂತ ಒಪ್ಪಿದೆ. ಆದರೆ ಆ ಹಕ್ಕಿನ ಜೊತೆ ಒಂದು ಹೊರೆಯೂ ಬರುತ್ತೆ: ಪುರಾವೆ. ಅವರು ತೋರಿಸಿದ್ದು ಸೋಶಿಯಲ್ ಮೀಡಿಯಾದ ಫೋಟೋಗಳು, ಬಂದೂಕು ಹಿಡಿದವರ ಜೊತೆಗಿನ ಚಿತ್ರಗಳು, ಸ್ಟೆಪಾನ್ ಬಂಡೇರಾನ ಉಲ್ಲೇಖ. ಈ ಬಂಡೇರಾ ಯಾರು? ಉಕ್ರೇನಿನಲ್ಲಿ ಅನೇಕರಿಗೆ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ವೀರ. ಪೋಲೆಂಡಿನವರಿಗೆ, ಯಹೂದಿಗಳಿಗೆ ಅವನ ಸಂಘಟನೆ ಅಂದ್ರೆ ನಾಜಿಗಳ ಜೊತೆ ಕೈಜೋಡಿಸಿದ, ಹತ್ಯಾಕಾಂಡ ನಡೆಸಿದ ಗುಂಪು. ಎರಡಕ್ಕೂ ಇತಿಹಾಸದಲ್ಲಿ ಆಧಾರ ಇದೆ. ಅಂಥವನನ್ನು ಮೆಚ್ಚೋದು ಪ್ರಶ್ನೆ ಕೇಳೋಕೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಆದರೆ 'ನಾಜಿ' ಅಂತ ತೀರ್ಪು ಕೊಡೋಕೆ ಸಾಲದು. ಕೀವ್‌ನಲ್ಲಿ ಒಂದು ಅರ್ಥ ಇರುವ ಚಿಹ್ನೆ ಮ್ಯಾಡ್ರಿಡ್‌ಗೆ ಬರುವಷ್ಟರಲ್ಲಿ ಇನ್ನೊಂದು ಅರ್ಥ ತೊಟ್ಟುಕೊಂಡಿರುತ್ತೆ. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದ ಮೇಲೆ ಯೂರೋಪಿನ ಎಷ್ಟೋ ಕ್ರೀಡಾಂಗಣಗಳಲ್ಲಿ ಉಕ್ರೇನಿನ ನೀಲಿ-ಹಳದಿ ಬಾವುಟ ಹಾರಿತು, ಉಕ್ರೇನ್ ಸೈನ್ಯಕ್ಕೆ ಸಹಾಯ ಮಾಡೋದು ಮೆಚ್ಚುಗೆಯ ಕೆಲಸ ಆಯಿತು. ಝೊಝೂಲ್ಯಾ ಆ ಕೆಲಸ ಶುರು ಮಾಡಿದ್ದು ಎಂಟು ವರ್ಷ ಮೊದಲು.

ಅಭಿಮಾನಿಗಳನ್ನು ಹೀಗೆ ಕೇಳಿದ ಮೇಲೆ ಲೀಗ್‌ನವರನ್ನೂ ಕೇಳಬೇಕಲ್ಲ. 2006ರ ಫೆಬ್ರವರಿಯಲ್ಲಿ ಸರಗೋಸಾದಲ್ಲಿ ಬಾರ್ಸಿಲೋನಾದ ಸ್ಯಾಮ್ಯುಯೆಲ್ ಎಟೊನನ್ನು ಪ್ರೇಕ್ಷಕರು ಕೋತಿ ಥರ ಕೂಗಿ ಅಣಕಿಸಿದರು. ಅವನು ಸಾಕಪ್ಪಾ ಅಂತ ಮೈದಾನ ಬಿಟ್ಟು ಹೊರಟೇಬಿಟ್ಟಿದ್ದ. ಎಲ್ಲರೂ ಸೇರಿ ಸಮಾಧಾನ ಮಾಡಿ ಆಡಿಸಿದರು, ಪಂದ್ಯ ಮುಂದುವರಿಯಿತು. ಅದಕ್ಕೂ ಮೊದಲು ತೊಂಬತ್ತರ ದಶಕದಲ್ಲಿ ರಾಯೋದ್ದೇ ಗೋಲ್‌ಕೀಪರ್, ನೈಜೀರಿಯಾದ ವಿಲ್ಫ್ರೆಡ್ ಅಗ್ಬೊನಾವ್ಬಾರೆ, ಬೇರೆ ಊರಿನ ಮೈದಾನಗಳಲ್ಲಿ ಇಂಥದ್ದನ್ನೇ ಕೇಳಿಸಿಕೊಂಡು ಆಡಿದವರು. ಇವತ್ತು ವಾಯೆಕಾಸ್ ಕ್ರೀಡಾಂಗಣದ ಒಂದು ದ್ವಾರಕ್ಕೆ ಅವರ ಹೆಸರಿದೆ. ಕಪ್ಪು ಆಟಗಾರರಿಗೆ ಬೈದಾಗ ಯಾವತ್ತೂ ಪೂರ್ತಿ ನಿಲ್ಲದ ಆಟ, ಒಬ್ಬ ಬಿಳಿಯನಿಗೆ 'ನಾಜಿ' ಅಂದಾಗ ನಿಂತಿತಲ್ಲ ಅಂತ ಸ್ಪೇನಿನಲ್ಲಿ ಆಗ ಎಷ್ಟೋ ಜನ ಕೇಳಿದರು. ಇದಕ್ಕೆ ಸರಿಯಾದ ಉತ್ತರ ನನಗಂತೂ ಎಲ್ಲೂ ಸಿಗಲಿಲ್ಲ.

ಇನ್ನೂ ಒಬ್ಬರು ಉಳಿದಿದ್ದಾರೆ: ಕ್ಲಬ್ ಅಧ್ಯಕ್ಷ ಮಾರ್ಟಿನ್ ಪ್ರೆಸಾ. ತನ್ನ ಅಭಿಮಾನಿಗಳು ಎಂಥವರು ಅಂತ ಗೊತ್ತಿದ್ದೂ ಕೊನೆಯ ದಿನ ಸಹಿ ಹಾಕಿಸಿದ್ದು ಆಡಳಿತ. 2021ರ ಏಪ್ರಿಲ್‌ನಲ್ಲಿ ಇದೇ ಅಧ್ಯಕ್ಷರು ಉಗ್ರ ಬಲಪಂಥದ ವೋಕ್ಸ್ ಪಕ್ಷದ ನಾಯಕ ಅಬಾಸ್ಕಲ್ ಅವರನ್ನು ವಿಐಪಿ ಬಾಕ್ಸಿಗೆ ಕರೆದು ಕೂರಿಸಿದರು. ಆಮೇಲೆ ಅಭಿಮಾನಿಗಳು ಕೋವಿಡ್ ಕಾಲದ ಬಿಳಿ ಸೂಟು ಹಾಕಿಕೊಂಡು ಬಂದು ಕ್ರೀಡಾಂಗಣಕ್ಕೆ ಔಷಧಿ ಸಿಂಪಡಿಸಿ 'ಶುದ್ಧ' ಮಾಡಿ ಹೋದರು! ನನಗೆ ಇದು ಕೂಗಾಟಕ್ಕಿಂತ ಒಳ್ಳೆಯ ಪ್ರತಿಭಟನೆ ಅನ್ನಿಸಿತು. ಇಲ್ಲಿ ಯಾರನ್ನು ಕೇಳಬೇಕೋ ಅವರನ್ನೇ ಕೇಳಿದ್ದಾರೆ, ಯಾವ ಚಿಹ್ನೆಯನ್ನೂ ಊಹಿಸಬೇಕಾಗಿರಲಿಲ್ಲ.

ಅಂದಹಾಗೆ ಆ ಅರ್ಧಕ್ಕೆ ನಿಂತ ಪಂದ್ಯ? ರಾಯೋಗೆ 18,000 ಯೂರೋ ದಂಡ ಬಿತ್ತು, ಸ್ಟ್ಯಾಂಡಿನ ಒಂದು ಭಾಗ ಎರಡು ಪಂದ್ಯ ಮುಚ್ಚಬೇಕು ಅಂತ ಆದೇಶ ಬಂತು. ಉಳಿದ 45 ನಿಮಿಷವನ್ನು 2020ರ ಜೂನ್ 10ರಂದು ಆಡಿಸಿದರು. ಲಾಕ್‌ಡೌನ್ ನಂತರ ಸ್ಪೇನಿನಲ್ಲಿ ಮತ್ತೆ ಫುಟ್‌ಬಾಲ್ ಶುರುವಾಗಿದ್ದೇ ಆ ಅರ್ಧ ಪಂದ್ಯದಿಂದ. ಕ್ರೀಡಾಂಗಣ ಖಾಲಿ, ಕೂಗೋಕೆ ಯಾರೂ ಇರಲಿಲ್ಲ. ರಾಯೋ 1-0 ಅಂತರದಲ್ಲಿ ಗೆದ್ದಿತು.